ನನ್ನ ಒಡಿಕತ್ತಿಯ ವಕಾಲತ್ತು

ವೀರರ ವಂಶದಲ್ಲಿ ಹುಟ್ಟಿದವನಿಗೆ ಧೈರ್ಯವಿಲ್ಲದಿದ್ದರೆ ಬಾಯಿಯಾದರೂ ಇರಬೇಕಾಗುತ್ತದೆ. ನಾನು ಕೊಡಗಿನವನು. ನಮ್ಮ ಕಡೆಯವರ ಶೌರ್ಯದ ಕಥೆಗಳನ್ನು ಕಚೇರಿಯಲ್ಲಿ ಊಟದ ಹೊತ್ತಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಕೋಲ್ಕತ್ತದ ಜಿರಳೆಗಳು ಹಾರುತ್ತವೆ. ಲೇಕ್ ಗಾರ್ಡನ್ಸಿನ ನಮ್ಮ ಮನೆಯಲ್ಲಿ ಒಂದು ಹಾರಿದರೂ ಸಾಕು, ನಾನು ಕುರ್ಚಿಯ ಮೇಲಿರುತ್ತೇನೆ, ನನ್ನ ಹೆಂಡತಿ ಸುಮಿತ್ರ ಕೈಯಲ್ಲಿ ಚಪ್ಪಲಿ ಹಿಡಿದು ನೆಲದ ಮೇಲಿರುತ್ತಾಳೆ. ಅವಳು ಮೈಸೂರಿನವಳು, ಅವಳ ವಂಶದಲ್ಲಿ ಯಾರೂ ಯುದ್ಧಕ್ಕೆ ಹೋದ ಸುದ್ದಿಯಿಲ್ಲ.

ಈಚೆಗೆ ನನ್ನ ಅಕ್ಕನ ಮಗನಿಗೂ ಒಬ್ಬ ಬಂಗಾಳಿ ಹುಡುಗಿಗೂ ಸಾಲ್ಟ್ ಲೇಕಿನ ಒಂದು ಸಭಾಭವನದಲ್ಲಿ ಮದುವೆ ಗೊತ್ತಾಯಿತು. ನಮ್ಮ ಪದ್ಧತಿಯಲ್ಲಿ ನೆಟ್ಟ ಮೂರು ಬಾಳೆದಿಂಡುಗಳನ್ನು ಒಂದೊಂದೇ ಏಟಿಗೆ ಕಡಿದುರುಳಿಸಬೇಕು. ಆ ಗೌರವ ಸೋದರಮಾವನಾದ ನನ್ನದು. ಕಡಿಯುವುದಕ್ಕೆ ಒಡಿಕತ್ತಿ ಬೇಕು, ಅಂದರೆ ಅಗಲವಾದ ಬಾಗಿದ ಅಲಗಿನ ಹಳೇ ಕಾಲದ ಕತ್ತಿ. ಮುತ್ತಜ್ಜನದು ನಮ್ಮ ಹಜಾರದ ಗೋಡೆಯ ಮೇಲೆ ವರ್ಷಗಳಿಂದ ತೂಗುತ್ತಿತ್ತು. ಮದುವೆಯ ಹಿಂದಿನ ದಿನ ಅದನ್ನು ಹಳೇ ಟವೆಲಿನಲ್ಲಿ ಸುತ್ತಿ, ಕೈಚೀಲಕ್ಕೆ ಹಾಕಿ, ಎಸ್ಪ್ಲನೇಡಿಗೆ ಬಸ್ಸಿನಲ್ಲಿ ಹೋಗಿ ಸಾಲ್ಟ್ ಲೇಕಿನ ಮೆಟ್ರೋ ಹತ್ತಲು ಹೊರಟೆ. ಸುಮಿತ್ರ "ಟ್ಯಾಕ್ಸೀಲಿ ಹೋಗಿ ಅಂದ್ರೆ" ಎಂದಳು. ನಾನು ಕೇಳಲಿಲ್ಲ.

ಮೆಟ್ರೋ ನಿಲ್ದಾಣದಲ್ಲಿ ಚೀಲ ಎಕ್ಸ್-ರೇ ಯಂತ್ರದೊಳಗೆ ಹೋಯಿತು. ಯಂತ್ರ ನಿಂತಿತು. ಸಾಲು ಹಿಂದೆ ಸರಿಯಿತು. ಅರ್ಧ ಗಂಟೆಯಲ್ಲಿ ನಾನು ಠಾಣೆಯ ಬಡೋಬಾಬುವಿನ ಮುಂದೆ ಕೂತಿದ್ದೆ. ಇಲ್ಲಿ ಠಾಣೆಯ ದೊಡ್ಡ ಅಧಿಕಾರಿಯನ್ನು ಹಾಗೇ ಕರೆಯುತ್ತಾರೆ. ಆತ ಸೌಮ್ಯವಾಗಿಯೇ "ಏನಿದು?" ಎಂದು ಕೇಳಿದ. "ಅಡುಗೆಮನೆಯದು" ಎಂದಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಆದರೆ ಜೀವಮಾನದಲ್ಲಿ ಮೊದಲ ಸಲ ಒಬ್ಬ ಪೊಲೀಸ್ ಅಧಿಕಾರಿ ನನ್ನನ್ನು ಅಪಾಯಕಾರಿ ಮನುಷ್ಯನೆಂದು ನೋಡುತ್ತಿದ್ದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. "ಇದು ಯುದ್ಧದ ಆಯುಧ" ಎಂದೆ. "ನನ್ನ ಮುತ್ತಜ್ಜ ಇದರಿಂದ ಎಷ್ಟು ತಲೆ ಉರುಳಿಸಿದ್ದಾರೋ! ನಮ್ಮ ಜನಕ್ಕೆ ಬಂದೂಕಿಗೂ ಲೈಸೆನ್ಸ್ ಬೇಕಿಲ್ಲ."

ಬಡೋಬಾಬು ಪೆನ್ನಿನ ಮುಚ್ಚಳ ತೆಗೆದ. "ಬಂದೂಕೂ ಇದೆಯೋ?"

"ಊರಲ್ಲಿದೆ" ಎಂದೆ, ಇನ್ನೂ ಹೆಮ್ಮೆಯಿಂದಲೇ.

ಆಯುಧ ಕಾಯ್ದೆ, ಕೇಸು, ಕೋರ್ಟು ಎಂಬ ಮಾತುಗಳು ಬಂದಾಗ ಹೆಮ್ಮೆ ಇಳಿಯಿತು. ನನ್ನಂಥ ಸರ್ಕಾರಿ ನೌಕರನ ಮೇಲೆ ಕೇಸಾದರೆ ಕೆಲಸದಿಂದ ಅಮಾನತು. ಮದುವೆಯೂ ತಪ್ಪಿತು, ಕೆಲಸವೂ ಹೋಯಿತು ಎಂದುಕೊಂಡೆ. ಸುಮಿತ್ರಳಿಗೆ ಫೋನ್ ಮಾಡಿದೆ. ಅವಳು ಕೆಳಗಿನ ಮನೆಯ ವಕೀಲ ಘೋಷಾಲರನ್ನು ಕರೆದುಕೊಂಡೇ ಬಂದಳು. ಘೋಷಾಲರು ನನ್ನನ್ನು ಮೂಲೆಗೆ ಎಳೆದು ನಡೆದದ್ದನ್ನೆಲ್ಲ ಕೇಳಿ ತಲೆ ಚಚ್ಚಿಕೊಂಡರು. "ದಾದಾ, ಮನೆಗೆಲಸದ, ತೋಟದ ಕತ್ತಿಗೆ ಕಾನೂನಿನಲ್ಲಿ ವಿನಾಯಿತಿ ಇದೆ. ಇದು ಬಾಳೆ ಕಡಿಯೋ ಕತ್ತಿ. ಇನ್ನು ಮುತ್ತಜ್ಜನ ಹೆಸರೆತ್ತಿದರೆ ನಾನು ಮನೆಗೆ ಹೋಗ್ತೀನಿ" ಎಂದರು.

ಆಮೇಲೆ ನನ್ನ ಪರವಾದ ವಾದ ನಡೆಯಿತು. ಅಂಥ ಅವಮಾನ ಎದುರಾಳಿ ವಕೀಲನಿಂದಲೂ ಆಗಲಿಕ್ಕಿಲ್ಲ. ಈತ ನಿರುಪದ್ರವಿ, ಬಾಯಿ ಮಾತ್ರ ದೊಡ್ಡದು, ಇಡೀ ಪಾಡಾಕ್ಕೆ, ಅಂದರೆ ನಮ್ಮ ಕೇರಿಗೆ, ಗೊತ್ತು ಎಂದರು ಘೋಷಾಲರು. ಸುಮಿತ್ರ ಜಿರಳೆಯ ಪ್ರಸಂಗವನ್ನು ಹಿಂದಿಯಲ್ಲಿ ಸವಿಸ್ತಾರವಾಗಿ ಹೇಳಿದಳು. ಕುರ್ಚಿಯನ್ನೂ ಬಿಡಲಿಲ್ಲ.

ಬಡೋಬಾಬು ಗಲ್ಲ ತುರಿಸಿಕೊಂಡು, "ಠಾಣೆಯ ಹಿತ್ತಲಲ್ಲಿ ಬಾಳೆಗಿಡ ಇದೆ. ಕಡಿದು ತೋರಿಸಿ" ಎಂದ. ನಾನು ಕುಲದೇವರನ್ನು ನೆನೆದು ಬೀಸಿದೆ. ಕತ್ತಿ ಮೂರು ಬೆರಳು ಒಳಗೆ ಹೋಗಿ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಗಿಡಕ್ಕೆ ಕಾಲು ಕೊಟ್ಟು ಎಳೆದೆ, ಕೆಳಗೆ ಬಿದ್ದೆ. ಕೊನೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು ಕಿತ್ತುಕೊಟ್ಟರು. ಬಡೋಬಾಬು ಕಣ್ಣೊರೆಸಿಕೊಳ್ಳುತ್ತಾ, ಈ ಮನುಷ್ಯನಿಂದ ಕೋಲ್ಕತ್ತಕ್ಕೆ ಅಪಾಯವಿಲ್ಲ, ಮೆಟ್ರೋ ಮಾತ್ರ ಬೇಡ ಎಂದು ಎಚ್ಚರಿಸಿ ಬಿಟ್ಟುಕಳಿಸಿದ. ಕೃತಜ್ಞತೆಗೆ ಘೋಷಾಲರ ಜೊತೆಗೆ ಅವನನ್ನೂ ಮದುವೆಗೆ ಕರೆದೆ. ಬರುತ್ತಾನೆಂದು ಯಾರು ಕಂಡಿದ್ದರು?

ಬಂದ. ಮುಂದಿನ ಸಾಲಿನಲ್ಲೇ ಕೂತ. ನಾನು ಬೆವರುತ್ತಾ ಹೂವಿನ ಹಾರ ಸುತ್ತಿದ್ದ ಮೊದಲ ದಿಂಡಿಗೆ ಕತ್ತಿ ಬೀಸಿದೆ. ಒಂದೇ ಏಟಿಗೆ ಉರುಳಿತು! ಎರಡನೆಯದೂ ಉರುಳಿತು, ಮೂರನೆಯದೂ ಉರುಳಿತು. ಜನ ಚಪ್ಪಾಳೆ ತಟ್ಟಿದರು, ಅಕ್ಕ ಕಣ್ಣೀರು ಹಾಕಿದಳು. ಮುತ್ತಜ್ಜನೇ ನನ್ನ ತೋಳಿಗೆ ಬಂದರೆಂದು ಎದೆ ಉಬ್ಬಿತು. ಬಡೋಬಾಬು ಮಾತ್ರ ಎದ್ದು ಬಂದು, "ಹಾಗಾದರೆ ನಿನ್ನೆ ಠಾಣೆಯಲ್ಲಿ ಆಡಿದ್ದು ನಾಟಕವೋ?" ಎಂದು ಗಂಭೀರವಾಗಿ ಕೇಳಿದ.

ಹೌದು ಎಂದರೆ ಕೇಸು, ಅಲ್ಲ ಎಂದರೆ ಮಾನಭಂಗ. ದೇವರಾಣೆಗೂ ಒಂದು ಕ್ಷಣ ನನ್ನ ಬಾಯಿ "ಹೌದು" ಎನ್ನಲು ತೆರೆಯಿತು. ಘೋಷಾಲರು ಹಿಂದಿನಿಂದ ಚಿವುಟಿದರು. ಅಷ್ಟರಲ್ಲಿ ಸುಮಿತ್ರ ಬಂದು, ಬಿದ್ದ ದಿಂಡಿನ ಹಾರ ಸರಿಸಿ ತೋರಿಸಿದಳು. ಬೆಳಿಗ್ಗೆ ಅಲಂಕಾರದ ನೆಪದಲ್ಲಿ ಬಂದವಳು ಮೂರನ್ನೂ ಅಡುಗೆಯ ಚಾಕುವಿನಿಂದ ಹಿಂದಿನಿಂದ ಮುಕ್ಕಾಲು ಪಾಲು ಕೊಯ್ದು, ಕೊಯ್ದ ಜಾಗಕ್ಕೆ ಹಾರ ಸುತ್ತಿದ್ದಳು. ನನಗೂ ಹೇಳಿರಲಿಲ್ಲ.

ಬಡೋಬಾಬು ಕೈಮುಗಿದು, "ನಾನು ಹಿಡಿಯಬೇಕಿದ್ದದ್ದು ಬೌದಿಯನ್ನ!" ಎಂದ. ಬೌದಿ ಎಂದರೆ ಅತ್ತಿಗೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ಮದುವೆಯಾದಾಗಿನಿಂದ ಯಾರಾದರೊಬ್ಬ ಅಧಿಕಾರಿ ಈ ಮಾತು ಹೇಳಲೆಂದು ಕಾಯುತ್ತಿದ್ದೆ. ಹೇಳಿದವನು ಅವಳು ಬಡಿಸಿದ ಹಂದಿ ಸಾರನ್ನು ಮೂರು ಸಲ ಹಾಕಿಸಿಕೊಂಡು ಅವಳ ಕಡೆಯವನೇ ಆಗಿಹೋದ. ಒಡಿಕತ್ತಿ ಈಗ ಮತ್ತೆ ಗೋಡೆಯ ಮೇಲಿದೆ. ನಿನ್ನೆ ಅದರ ಹಿಂದಿನಿಂದ ಒಂದು ಜಿರಳೆ ಹಾರಿತು. ನಾನು ಕುರ್ಚಿಯ ಮೇಲೆ ನಿಂತು ಸುಮಿತ್ರಳನ್ನು ಕೂಗಿದೆ.