ಯಂತ್ರದ ಹೊಟ್ಟೆಯೊಳಗಿನ ಕಲ್ಲು

"ಇನ್ನು ಮುಂದೆ ಒಬ್ಬನೇ ಒಬ್ಬ ಮೆಕ್ಯಾನಿಕ್ ಈ ಮನೆಯ ಹೊಸ್ತಿಲು ದಾಟಕೂಡದು!" ಎಂದು ಪತ್ತೇದಾರರು ಶನಿವಾರ ಸಂಜೆ ಘೋಷಿಸಿದರು. ಘೋಷಣೆ ಕೇಳಿಸಿಕೊಂಡವಳು ಹೆಂಡತಿಯೊಬ್ಬಳೇ. ಆಕೆ ವಾಷಿಂಗ್ ಮಷಿನ್ನಿನಿಂದ ತೆಗೆದ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಅದರಿಂದ ನೀರು ಧಾರಾಕಾರ ಸುರಿಯುತ್ತಿತ್ತು.

ಪತ್ತೇದಾರರು ಎಂದರೆ ಪೊಲೀಸಿನವರೇನಲ್ಲ. ಫ್ರಿಜ್ ತಯಾರಿಸುವ ಕಾರ್ಖಾನೆಯೊಂದರ ಹಿಂಭಾಗದ ಷೆಡ್ಡಿನಲ್ಲಿ ಅವರ ಕೆಲಸ. ವಾಪಸು ಬಂದ ಹಳೆಯ ಫ್ರಿಜ್ಜುಗಳು ಮೊದಲು ಹತ್ತುವುದು ಅವರ ತಕ್ಕಡಿಯನ್ನೇ. ಹಾಗೇ ಬಳಸುವಂಥದ್ದಕ್ಕೆ ಹಸಿರು ಚೀಟಿ, ದುರಸ್ತಿಯಾಗುವಂಥದ್ದಕ್ಕೆ ಹಳದಿ, ಬಿಚ್ಚಿ ಕರಗಿಸಬೇಕಾದ್ದಕ್ಕೆ ಕೆಂಪು. ಎಲ್ಲವೂ ದಾರ ಕಟ್ಟಿದ ಪ್ಲಾಸ್ಟಿಕ್ ಚೀಟಿಗಳು. ತೂಕ ಹೆಚ್ಚಲೆಂದು ಗುಜರಿಯವರು ಫ್ರಿಜ್ಜಿನ ಬೆನ್ನೊಳಗೆ ಕಲ್ಲು ತುರುಕುವುದುಂಟು. ಹನ್ನೊಂದು ವರ್ಷಗಳಲ್ಲಿ ಒಂದು ಕಲ್ಲೂ ಇವರ ಕಣ್ಣು ತಪ್ಪಿಸಿಲ್ಲ! ಅದಕ್ಕೇ ಜೊತೆಗಾರರು 'ಕಲ್ಲು ಪತ್ತೇದಾರ' ಎಂದು ಬಿರುದು ಕೊಟ್ಟಿದ್ದರು. ಆ ಬಿರುದಿನೊಳಗಿದ್ದ ಕೀಟಲೆಯೊಂದು ಮಾತ್ರ ಅವರಿಗೆ ಪತ್ತೆಯಾಗಿರಲಿಲ್ಲ.

ಈಗ ಷೆಡ್ಡಿನಲ್ಲಿ ಹೊಸ ದುರಸ್ತಿ ವಿಭಾಗ ಶುರುವಾಗುವುದಿತ್ತು. ಅದರ ಮುಖ್ಯಸ್ಥನ ಕುರ್ಚಿ ಪತ್ತೇದಾರರ ಕನಸಿನಲ್ಲೂ ಬರುತ್ತಿತ್ತು. ಅದರ ಆಸೆಗೆ ಬಿದ್ದು ಮ್ಯಾನೇಜರ್ ಮೇಡಂ ಮುಂದೆ ಎದೆಯುಬ್ಬಿಸಿ, "ನಮ್ಮನೆ ವಾಷಿಂಗ್ ಮಷಿನ್ ಕೆಟ್ಟಿದೆ. ಭಾನುವಾರ ಬನ್ನಿ ಮೇಡಂ, ನಾನೇ ರಿಪೇರಿ ಮಾಡಿ ತೋರಿಸ್ತೀನಿ!" ಎಂದುಬಿಟ್ಟಿದ್ದರು. ಮೇಡಂ ಬರುತ್ತೇನೆ ಎಂದುಬಿಟ್ಟರು!

ಭಾನುವಾರ ಬೆಳಿಗ್ಗೆ ಪತ್ತೇದಾರರು ಸ್ಕ್ರೂಡ್ರೈವರನ್ನು ಕತ್ತಿಯಂತೆ ಹಿಡಿದು ಬಚ್ಚಲುಮನೆ ಪ್ರವೇಶಿಸಿದರು.

"ರೀ, ನೀರು ನಿಧಾನಕ್ಕೆ ಹೋಗ್ತಿದೆ, ಅಷ್ಟೇ. ಕೆಳಗಡೆ ಒಂದು ಸಣ್ಣ ಮುಚ್ಚಳ ಇದೆಯಲ್ಲ, ತಿರುಗಿಸಿ ನೋಡಿ. ಏನೋ ಸಿಕ್ಕಿಹಾಕ್ಕೊಂಡಿರಬೇಕು," ಎಂದಳು ಹೆಂಡತಿ.

"ಮುಚ್ಚಳ ತಿರುಗಿಸೋದು ಸಕ್ಕರೆ ಡಬ್ಬಿಗೆ! ಇದು ಯಂತ್ರ ಕಣೇ. ತಲೆಯಿಂದ ಬಿಚ್ಚಿಕೊಂಡು ಬರಬೇಕು."

ತಲೆಯನ್ನು ಬಿಚ್ಚಿದರು. ಒಳಗೆ ಬಗ್ಗಿ ನೋಡಿದರು.

"ಕಲ್ಲು!"

"ಏನ್ರೀ ಅದು? ಕೈ ಸಿಕ್ಕಿಹಾಕ್ಕೊಳ್ತಾ?"

"ಮೋಸ ಹೋದ್ವಿ ಕಣೇ! ಊರವರ ಕಲ್ಲನ್ನೆಲ್ಲ ಹಿಡಿದ ನನ್ನ ಮನೆಯೊಳಗೇ, ಒಂಬತ್ತು ವರ್ಷದಿಂದ ಇಷ್ಟು ದಪ್ಪ ಕಾಂಕ್ರೀಟ್ ಕಲ್ಲು!"

"ಕಂಪನಿಯವರೇ ಹಾಕಿರಬಹುದು ರೀ. ನೋಡಿ, ಬೋಲ್ಟ್ ಹಾಕಿ ಬಿಗಿದಿದಾರೆ."

"ಕಳ್ಳರಲ್ಲೂ ಅಚ್ಚುಕಟ್ಟಾದವರು ಇರ್ತಾರೆ!"

ಕಲ್ಲು ಹೊರಬಂತು. ಪತ್ತೇದಾರರ ಸೊಂಟವೂ ಅದರ ಜೊತೆಗೇ ಬರುವುದರಲ್ಲಿತ್ತು. 'ಬಳಕೆ ತಗ್ಗಿಸಿ, ಮತ್ತೆ ಬಳಸಿ, ದುರಸ್ತಿ ಮಾಡಿ' ಎಂಬ ಕಾರ್ಖಾನೆಯ ಗೋಡೆಬರಹ ಅವರಿಗೆ ನೆನಪಾಯಿತು. ತಗ್ಗಿಸಿದ್ದಾಯಿತು! ಇನ್ನು ಮತ್ತೆ ಬಳಸಬೇಕಲ್ಲ? ಅಂಗಳಕ್ಕೆ ಒಯ್ದು ಸುತ್ತಿಗೆಯಿಂದ ನಾಲ್ಕೇಟು ಹಾಕಿ ಎರಡು ಹೋಳು ಮಾಡಿ, ಎರಡು ಹೂಕುಂಡಗಳಿಗೆ ಪೀಠ ಮಾಡಿದರು. ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು.

ಉಳಿದದ್ದು ದುರಸ್ತಿ. ಯಂತ್ರವನ್ನು ಒಂದು ಪಕ್ಕಕ್ಕೆ ವಾಲಿಸಿ ಬೆನ್ನಿಗೆ ಎರಡು ಗುದ್ದಿದರು. ಒಳಗೆಲ್ಲೋ ಏನೋ ಸರಿದು, ನಿಂತಿದ್ದ ನೀರು ಗುಳುಗುಳು ಎಂದು ಹರಿದುಹೋಯಿತು!

"ನೋಡಿದ್ಯಾ? ಕಲ್ಲು ಹೋಯ್ತು, ನೀರೂ ಹೋಯ್ತು!"

ಅಷ್ಟರಲ್ಲಿ ಮೇಡಂ ಬಂದರು. ಪತ್ತೇದಾರರು ಬಟ್ಟೆ ತುಂಬಿ ಗುಂಡಿ ಒತ್ತಿ, ನಡುಮನೆಯಲ್ಲಿ ಮೇಡಂ ಎದುರು ಕಾಲಮೇಲೆ ಕಾಲು ಹಾಕಿ ಕುಳಿತು ದುರಸ್ತಿಯ ಮಹಿಮೆ ಬಣ್ಣಿಸತೊಡಗಿದರು. ಅರ್ಧ ಗಂಟೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ಯಂತ್ರವೇ ನಡೆಯತೊಡಗಿತು!

ಬಟ್ಟೆ ಹಿಂಡಲು ಹೊರಟ ಯಂತ್ರ ಮೊದಲು ಗಡಗಡ ನಡುಗಿತು. ಬಳಿಕ ಒಂದು ಹೆಜ್ಜೆ ಮುಂದಿಟ್ಟಿತು. ಬಚ್ಚಲುಮನೆಯ ಬಾಗಿಲು ದಾಟಿ, ನಲ್ಲಿಗೆ ಜೋಡಿಸಿದ್ದ ಪೈಪನ್ನು ಕಿತ್ತುಕೊಂಡು, ಅತಿಥಿಯನ್ನು ಮಾತಾಡಿಸಲು ಹೊರಟಂತೆ ನೇರ ಮೇಡಂ ಕಡೆಗೇ ಬಂತು. ಮೇಡಂ ಚಹಾದ ಕಪ್ಪಿನ ಸಮೇತ ಕುರ್ಚಿ ಹತ್ತಿ ನಿಂತರು. ಪತ್ತೇದಾರರು ಓಡಿಹೋಗಿ ಯಂತ್ರವನ್ನು ತಬ್ಬಿಕೊಂಡರು. ಯಂತ್ರ ಅವರನ್ನೂ ಸೇರಿಸಿಕೊಂಡು ಕುಣಿಯಿತು!

"ರೀ, ಬಿಡ್ರೀ ಅದನ್ನ!" ಎಂದು ಕೂಗುತ್ತ ಹೆಂಡತಿ ಪ್ಲಗ್ ಕಿತ್ತಳು, ನಲ್ಲಿ ನಿಲ್ಲಿಸಿದಳು.

"ಒಳಗಿದ್ದ ಕಲ್ಲೆಲ್ಲಿ?" ಮೇಡಂ ಕುರ್ಚಿಯ ಮೇಲಿನಿಂದಲೇ ಕೇಳಿದರು.

"ಪತ್ತೆ ಹಚ್ಚಿ ತೆಗೆದುಹಾಕಿದೆ ಮೇಡಂ! ದೊಡ್ಡ ಮೋಸ..."

"ಮೋಸ ಅಲ್ರೀ! ಮಷಿನ್ ಕುಣೀದೇ ಇರಲಿ ಅಂತ ಹಾಕೋ ಭಾರ ಅದು. ಮೊದಲು ವಾಪಸ್ ಕೂರಿಸಿ."

"ಕೂರಿಸಬಹುದಿತ್ತು ಮೇಡಂ... ಈಗ ಅದು ಎರಡಾಗಿದೆ."

ಇತ್ತ ಹೆಂಡತಿ ಮಂಡಿಯೂರಿ ಕೆಳಗಿನ ಸಣ್ಣ ಮುಚ್ಚಳ ತಿರುಗಿಸಿದಳು. ದಾರಕ್ಕೆ ದಾರ ಸುತ್ತಿಕೊಂಡಿದ್ದ ಮೂರು ಹಳದಿ ಚೀಟಿಗಳು ಹೊರಬಂದವು. ಒರೆಸಿ ಗಟ್ಟಿಯಾಗಿ ಓದಿದಳು: "'ದುರಸ್ತಿಗೆ ಯೋಗ್ಯ.' ನಿಮ್ಮ ಪ್ಯಾಂಟಿನ ಜೇಬಿಂದೇ ರೀ ಇವು!"

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡು ಕುರ್ಚಿಯಿಂದಿಳಿದರು. "ಸದ್ಯ, ನಮ್ಮ ದುರಸ್ತಿ ವಿಭಾಗಕ್ಕೆ ಸರಿಯಾದವರು ಸಿಕ್ಕರು!"

ಪತ್ತೇದಾರರು ಒದ್ದೆ ಕಾಲರನ್ನು ಸರಿಪಡಿಸಿಕೊಂಡು, "ಎಲ್ಲ ನಿಮ್ಮ ದೊಡ್ಡತನ ಮೇಡಂ," ಎಂದು ಮುಂದೆ ಬಂದರು. ಮೇಡಂ ಪತ್ತೇದಾರರನ್ನು ದಾಟಿಕೊಂಡು ಹೋಗಿ ಹೆಂಡತಿಯ ಮುಂದೆ ನಿಂತರು. "ನಾಳೆ ಒಂಬತ್ತಕ್ಕೆ ಬರ್ತೀರಾ?"

"ಬರ್ತೀನಿ ಮೇಡಂ," ಎಂದಳು ಆಕೆ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ.

ಹೊಸ ಭಾರ ಬರಲು ಮೂರು ವಾರ ಬೇಕಂತೆ. ಅಲ್ಲಿಯವರೆಗೆ ಹೂಕುಂಡದ ಕೆಳಗಿನ ಹೋಳು ಒಗೆಯುವ ಕಲ್ಲಾಯಿತು. ಸಂಜೆ ಸಂಜೆ ಅಂಗಳದಲ್ಲಿ ಕೂತು ಬಟ್ಟೆ ಕುಕ್ಕುವ ಪತ್ತೇದಾರರು, ಇಣುಕಿ ನೋಡಿದ ನೆರೆಯವರಿಗೆಲ್ಲ "ಇದಕ್ಕೇ ಮರುಬಳಕೆ ಅನ್ನೋದು!" ಎಂದು ಪಾಠ ಹೇಳುತ್ತಿದ್ದರು. ಒಂದು ದಿನ ಹೆಂಡತಿಯ ಕೆಲಸದ ಕೋಟನ್ನು ನೆನೆಸುವ ಮುನ್ನ ಜೇಬಿಗೆ ಕೈ ಹಾಕಿದರೆ, ಹಳದಿ ಚೀಟಿ!

"ಸಿಕ್ಕಿಬಿದ್ದೆ! ನೀನೂ ಜೇಬಲ್ಲೇ ಮರೆತು ಬಂದಿದೀಯ!"

"ಮರೆತಿಲ್ಲ ರೀ, ನಿಮಗೇ ಅಂತ ತಂದದ್ದು," ಎಂದು ಆಕೆ ಚೀಟಿಯನ್ನು ತೆಗೆದುಕೊಂಡು ಅವರ ಅಂಗಿಯ ಗುಂಡಿಗೆ ಕಟ್ಟಿದಳು. "ಕೆಂಪು ಕಟ್ಟೋಣ ಅಂತಲೇ ಇದ್ದೆ. ಮನಸ್ಸು ಬರಲಿಲ್ಲ."