ಸಾರಾಳ ಮಾತಿಗೆ ಸರಿ ಅಂದವನು

ಚಿಕ್ಕಬೋರಮ್ಮ: ನೀನು ಸರಿ ಅಂದ್ಯೋ ಇಲ್ವೋ? ಅಷ್ಟ್ ಯೋಳ್ಲಾ, ಸಾಕು.

ಜಯಪ್ರಕಾಶ್: ಅಂದೆ ಕಣವ್ವ. ಆದ್ರೆ...

ಚಿಕ್ಕಬೋರಮ್ಮ: ಮುಗೀತಲ್ಲ. ಆ ಸೀರೆ ಇತ್ತಾಗ್ ಕೊಡು.

ಜಯಪ್ರಕಾಶ್ ಸೀರೆ ಕೊಟ್ಟ. ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಹದಿನಾರು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದ ಅವನು ಶಾಲೆಯಲ್ಲಿ ಯಾರು ಏನು ಕೇಳಿದರೂ ‘ಯಾಕೆ’ ಅನ್ನುತ್ತಿದ್ದ; ಮನೆಯಲ್ಲಿ ಕೊಟ್ಟುಬಿಡುತ್ತಿದ್ದ. ಅವ್ವ ಸೀರೆಯನ್ನು ಚೀಲಕ್ಕೆ ತುರುಕಿದಳು. ಅವಳ ಮಗಳು ಅಮೃತಳ ಮನೆ ಬೆಳಕವಾಡಿಯಲ್ಲಿ. ಅಲ್ಲಿಗೆ ಹೋಗುವ ಬಸ್ಸಿಗೆ ಇನ್ನು ಐವತ್ತು ನಿಮಿಷ ಇತ್ತು.

ಜಯಪ್ರಕಾಶ್: ವೀಣ ಹೇಳಿದ್ದು ನಿನ್ ವಿಷ್ಯ ಅಲ್ಲ ಕಣವ್ವ.

ಚಿಕ್ಕಬೋರಮ್ಮ: ನನ್ ಕಿವಿ ನೆಟ್ಗದೆ. ಬೆಳಿಗ್ಗೆ ಬಾಗ್ಲು ಆಕ್ಕಂಡು ಅವ್ಳೇನಂದ್ಲು? ಆ ಎಂಗ್ಸುನ್ನ ಮನೆಯಿಂದ ಆಚೆಗ್ ಕಳ್ಸಿ, ಅವ್ಳೂ ನಾನೂ ಒಂದೇ ಸೂರಡಿ ಇರಕ್ಕಾಗಕಿಲ್ಲ ಅಂದ್ಲು. ನೀನೇನಂದೆ? ಸರಿ, ಚೆನ್ನಾಗದೆ, ಇನ್ನೊಸಿ ಜೋರಾಗ್ ಯೋಳು ಅಂದೆ.

ಜಯಪ್ರಕಾಶ್: ಅದು ಭಾಷಣ. ಹಿಂದ್ಗಡೆ ಕೂತೋರ್ಗೂ ಕೇಳ್ಬೇಕಲ್ಲ.

ಚಿಕ್ಕಬೋರಮ್ಮ: ಬೆಳಕವಾಡಿಗಂಟ ಕೇಳುಸ್ತು ಬುಡು.

ಅಡುಗೆಮನೆಯಿಂದ ವೀಣ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳು ಚರ್ಚಿನ ಸಿಸ್ಟರ್‌ಗಳು ನಡೆಸುವ ಶಾಲೆಯಲ್ಲಿ ಟೀಚರು. ಶನಿವಾರ ಪೋಷಕರ ಸಭೆಯಲ್ಲಿ ಹತ್ತು ನಿಮಿಷ ಮಾತಾಡಬೇಕಿತ್ತು. ಬೈಬಲ್ಲಿನ ಹೆಂಗಸರ ಕತೆಗಳಿಂದ ಇವತ್ತಿನ ಸಂಸಾರಕ್ಕೆ ಏನು ಪಾಠ ಅನ್ನುವುದು ವಿಷಯ. ಬೆಳಿಗ್ಗೆ ಗಂಡನ ಎದುರು ನಿಂತು ಅದನ್ನೇ ಅಭ್ಯಾಸ ಮಾಡಿದ್ದಳು.

ವೀಣ: ಅತ್ತೆ, ಅದು ನಾನಂದಿದ್ದಲ್ಲ. ಸಾರಾ ಅಂದಿದ್ದು.

ಚಿಕ್ಕಬೋರಮ್ಮ: ಯಾವ ಸಾರಾ? ಮೇಗಲ ಬೀದಿಯೋಳಾ?

ವೀಣ: ಅಬ್ರಹಾಮನ ಹೆಂಡ್ತಿ ಅತ್ತೆ. ಸಾವಿರಾರು ವರ್ಷದ ಹಿಂದಿನೋಳು. ಮಕ್ಕಳಾಗ್ಲಿಲ್ಲ ಅಂತ ಮನೆಕೆಲಸದ ಹಾಗರಳನ್ನ ತಾನೇ ಗಂಡನಿಗೆ ಕೊಟ್ಲು. ಆಮೇಲೆ ತನಗೂ ಒಂದು ಮಗು ಆಯ್ತು. ಆಗ ಅವಳನ್ನೂ ಅವಳ ಮಗನ್ನೂ ಕಳಿಸಿಬಿಡಿ ಅಂದ್ಲು.

ಚಿಕ್ಕಬೋರಮ್ಮ: ಗಂಡ ಏನಂದ?

ವೀಣ: ಬೇಜಾರು ಮಾಡ್ಕೊಂಡ. ಬೆಳಿಗ್ಗೆ ಎದ್ದು ರೊಟ್ಟಿ, ಒಂದು ಚರ್ಮದ ಚೀಲದಲ್ಲಿ ನೀರು ಕೊಟ್ಟು ಕಳಿಸಿದ.

ಚಿಕ್ಕಬೋರಮ್ಮ: ಅಂದ್ರೆ ಸರಿ ಅಂದ.

ಜಯಪ್ರಕಾಶ್ ಗಡಿಯಾರ ನೋಡಿದ. ನಲವತ್ತನಾಲ್ಕು ನಿಮಿಷ.

ಚಿಕ್ಕಬೋರಮ್ಮ: ಆಗ್ಲಿ, ಅದು ಕತೆನೇ ಅನ್ಕಳನ. ನೆನ್ನೆ ಇವ್ನು ಟೇಪ್ ಇಡ್ಕಂಡು ನನ್ ಮಂಚ ಅಳೀತಿದ್ನಲ್ಲ, ಅದೂ ಬೈಬಲ್ಲಾ?

ವೀಣ ಗಂಡನನ್ನು ನೋಡಿದಳು. ಗಂಡ ಚೀಲವನ್ನು ನೋಡಿದ.

ವೀಣ: ಅದು... ಮುಂದಿನ ರೂಮಲ್ಲಿ ಸಾಯಂಕಾಲ ಟ್ಯೂಷನ್ ಮಾಡೋಣ ಅಂತಿದ್ದೆ. ನಿಮ್ಮ ಮಂಚ ಹಿಂದ್ಗಡೆ ರೂಮಿಗೆ ಹಾಕಿ ಅಂತ ಇವರಿಗೆ ಹೇಳ್ದೆ. ಸರಿ ಅಂದ್ರು.

ಚಿಕ್ಕಬೋರಮ್ಮ: ಮಂಚ ಬೀದಿ ಕಾಣಂಗೆ ಮುಂದ್ಗಡೆನೇ ಇರ್ಲಿ ಕಣ್ಲಾ ಅಂದಿದ್ದೆ ನಾನು. ನಂಗೂ ಸರಿ ಅಂದ.

ವೀಣ: ಯಾವಾಗ?

ಚಿಕ್ಕಬೋರಮ್ಮ: ಸೋಮವಾರ.

ವೀಣ: ನಂಗೆ ಮಂಗಳವಾರ.

ಜಯಪ್ರಕಾಶ್: ಎರಡೂ ಹಿಡಿಯುತ್ತಾ ಅಂತಾನೇ ಅಳೆದಿದ್ದು. ಮಂಚ, ಬೋರ್ಡು, ಎಂಟು ಮಕ್ಕಳು. ಒಂಬತ್ತು ಇಂಚು ಸಾಲ್ದೆ ಬಂತು.

ಚಿಕ್ಕಬೋರಮ್ಮ: ಅದ್ನ ಬಾಯ್ ಬುಟ್ಟು ಯೋಳಕ್ಕೆ ಏನಾಗಿತ್ತು ನಿಂಗೆ?

ಜಯಪ್ರಕಾಶ್: ಇನ್ನೊಂದ್ ಸಲ ಅಳೆಯೋಣ ಅಂತಿದ್ದೆ.

ಅವ್ವ ಅವನನ್ನು ಅಲ್ಲಿಗೇ ಬಿಟ್ಟು ಮೇಜಿನ ಮೇಲಿದ್ದ ಸೊಸೆಯ ಭಾಷಣದ ಹಾಳೆಯತ್ತ ಗದ್ದ ಎತ್ತಿ ತೋರಿಸಿದಳು.

ಚಿಕ್ಕಬೋರಮ್ಮ: ಆ ಸಾರಾ ಕತೆಯಿಂದ ಜನುಕ್ಕೆ ಏನ್ ಪಾಠ ಯೋಳ್ತೀಯ? ಓದು.

ವೀಣ ಹಾಳೆ ಎತ್ತಿಕೊಂಡಳು.

ವೀಣ: ‘ಮನೆಯಲ್ಲಿ ಒಬ್ಬರಿಂದ ಏನಾದರೂ ಆಗಬೇಕಿದ್ದರೆ ಅವರನ್ನೇ ಕೇಳಿ. ಗಂಡನ ಕೈಲಿ ಹೇಳಿಸಬೇಡಿ.’

ಚಿಕ್ಕಬೋರಮ್ಮ: ಬರ್ದೋರು ಯಾರು?

ವೀಣ: ನಾನೇ.

ಚಿಕ್ಕಬೋರಮ್ಮ: ಅಕ್ಸರ ಚೆನ್ನಾಗದೆ.

ಚೀಲದ ಜಿಪ್ಪು ಎಳೆದು, ಚಪ್ಪಲಿಗೆ ಕಾಲು ಹಾಕಿದಳು. ಜಯಪ್ರಕಾಶ್ ಬಾಗಿಲಿಗೆ ಅಡ್ಡ ನಿಂತ. ಬಾಗಿಲು ಮೂರಡಿ ಅಗಲವಿತ್ತು, ಅವನು ಒಂದೂವರೆ. ಅವ್ವ ಪಕ್ಕದಲ್ಲೇ ದಾಟಿದಳು.

ವೀಣ: ಅತ್ತೆ, ಇನ್ನೊಂದು ಕತೆ ಕೇಳಿ ಹೋಗಿ. ನವೋಮಿ ಅಂತ ಒಬ್ಬ ಅತ್ತೆ. ಅವಳು ತನ್ನೂರಿಗೆ ಹೊರಟಾಗ ಸೊಸೆ ರೂತ್ ಬಿಡಲಿಲ್ಲ. ನೀವು ಹೋದ ಕಡೆ ನಾನೂ ಬರ್ತೀನಿ, ನೀವಿದ್ದಲ್ಲೇ ಇರ್ತೀನಿ ಅಂದ್ಲು.

ಚಿಕ್ಕಬೋರಮ್ಮ ನಿಂತಳು.

ಚಿಕ್ಕಬೋರಮ್ಮ: ಒಳ್ಳೆ ಎಣ್ಣು. ಗಂಡ ಕಳುಸ್ದನಾ?

ವೀಣ: ಗಂಡ ಸತ್ತೋಗಿದ್ದ.

ಇಬ್ಬರೂ ಒಟ್ಟಿಗೆ ಜಯಪ್ರಕಾಶನ ಕಡೆ ತಿರುಗಿದರು.

ಜಯಪ್ರಕಾಶ್: ನಾನಿನ್ನೂ ಇದೀನಿ.

ಚಿಕ್ಕಬೋರಮ್ಮ: ಇರಪ್ಪ. ಯಾರ್ ಬ್ಯಾಡ ಅಂದೋರು?

ವೀಣ ಒಳಗೆ ಹೋಗಿ ತನ್ನ ಬ್ಯಾಗು ತಂದು ಅತ್ತೆಯ ಚೀಲದ ಪಕ್ಕ ಇಟ್ಟಳು.

ವೀಣ: ನಡೀರಿ, ಬೆಳಕವಾಡಿಗೆ ನಾನೂ ಬತ್ತೀನಿ.

ಚಿಕ್ಕಬೋರಮ್ಮ: ಅಯ್ಯೋ, ಬ್ಯಾಡ ಕಣಮ್ಮ! ಅಮೃತನ್ ಮನೇಲಿರೋದೇ ಒಂದ್ ರೂಮು. ಅದ್ರಾಗೆ ಅವ್ಳ್ ಅತ್ತೆ ಬ್ಯಾರೆ ಅವ್ಳೆ.

ವೀಣ: ಮಂಚದ ವಿಷ್ಯ ನಿಮ್ಮನ್ನೇ ಕೇಳಬೇಕಿತ್ತು ಅತ್ತೆ. ಕೇಳಕ್ಕೆ ಹೆದರಿಕೆ ಆಯ್ತು. ನೀವು ಹೋದ್ರೆ ಆ ರೂಮಲ್ಲಿ ಪಾಠ ಮಾಡಕ್ಕೆ ನನ್ ಕೈಲಾಗಲ್ಲ.

ಜಯಪ್ರಕಾಶ್ ಇಷ್ಟನ್ನು ಗಮನಿಸಿದ: ಇದು ಭಾಷಣದ ಧ್ವನಿ ಅಲ್ಲ, ಹಿಂದಿನ ಸಾಲಿಗೆ ಕೇಳುವಂತೆಯೂ ಇರಲಿಲ್ಲ. ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಮೇಲೆ ಕೂತಳು. ಕೈಯಿಂದ ಹಾಸಿಗೆ ತಟ್ಟಿದಳು.

ಚಿಕ್ಕಬೋರಮ್ಮ: ಎಂಟ್ ಮಕ್ಳು ಅಂದ್ಯಾ? ಮೂರು ಇದ್ರ್ ಮ್ಯಾಲೆ ಕೂತ್ಕಂಡ್ರೆ ಮಂಚ ಏನ್ ಸವ್ದೋಯ್ತದಾ?

ಮಂಚದ ಮೇಲೂ ಮಕ್ಕಳನ್ನು ಕೂರಿಸಬಹುದು ಎಂದು ಜಯಪ್ರಕಾಶ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೆಲದ ಮೇಲೆ ಐದೇ ಮಕ್ಕಳಾದರೆ ಬಾಗಿಲು ತೆರೆಯಲೂ ಜಾಗ ಉಳಿಯುತ್ತಿತ್ತು. ಅವನು ಟೇಪು ತರಲು ಹೊರಟ. ಕೂತ್ಕೋ ಎಂದು ಅವ್ವ, ಕೂತ್ಕೊಳ್ಳಿ ಎಂದು ವೀಣ, ಇಬ್ಬರೂ ಒಟ್ಟಿಗೇ ಅಂದರು.

ಚಿಕ್ಕಬೋರಮ್ಮ: ಅದಿರ್ಲಿ ಕಣಮ್ಮ. ಆ ಸಾರಾ ಮನೇಲಿ ಇಷ್ಟೆಲ್ಲ ನಡೀವಾಗ ಅಬ್ರಾಮನ ಅವ್ವ ಎಲ್ಲೋಗಿದ್ಲು?

ವೀಣ ಬೈಬಲ್ ತೆಗೆದು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿದಳು.

ವೀಣ: ಅವರ ಹೆಸರೇ ಇಲ್ಲ ಅತ್ತೆ.

ಚಿಕ್ಕಬೋರಮ್ಮ: ಅದ್ಕೇ ಮತ್ತೆ! ಅತ್ತೆ ಅಂತ ಒಬ್ಳು ಇದ್ದಿದ್ರೆ ಆ ಕತೆ ಅರ್ಧ ಪುಟಕ್ಕೇ ಮುಗ್ದೋಗದು. ಇದ್ನೂ ಬರ್ಕೊ, ಶನಿವಾರ ಯೋಳು.