ಹೊಸ್ತಿಲಿಗೆ ಹನ್ನೊಂದು ಲಾಳ

ಎತ್ತಿಗೆ ಲಾಳ ಕಟ್ಟುವವರನ್ನು ನೀವು ನೋಡಿರಬಹುದು. ಮನೆಗೆ ಲಾಳ ಕಟ್ಟಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ಉತ್ಪ್ರೇಕ್ಷೆ ಎನ್ನಬೇಡಿ, ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಬೇಗೂರಿನ ಅವರ ಮನೆಯ ಹೊಸ್ತಿಲಿಗೆ ಬಡಿದಿದ್ದ ಲಾಳಗಳು ಹನ್ನೊಂದು. ಎರಡು ಸಲ ಎಣಿಸಿದ್ದೇನೆ. ಒಮ್ಮೆ ಕಣ್ಣಿನಿಂದ, ಇನ್ನೊಮ್ಮೆ ಎಡವಿ ಬಿದ್ದಾಗ ಮೊಣಕಾಲಿನಿಂದ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮತ್ತೆ, ಅಂದರೆ ಮಾವನ ಹೆಂಡತಿ, ಬರಬರುತ್ತಾ ಬಿಳಿಚಿಕೊಂಡರು. ಚಾಮರಾಜನಗರದ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, “ರಕ್ತ ಕಮ್ಮಿಯಾಗಿದೆ” ಎಂದರು. ಮಾವ ಈ ಮಾತನ್ನು ಬಸ್ಸಿನಲ್ಲಿ ಗುಂಡ್ಲುಪೇಟೆಯವರೆಗೂ ಮೆಲುಕು ಹಾಕಿದರು. ಅಲ್ಲಿ ಬಸ್ಸು ಬದಲಿಸುವಾಗ, ಜೊತೆಗಿದ್ದ ನನ್ನ ಮುಂದೆ ತೀರ್ಪು ಹೊರಬಿತ್ತು:

“ಕಮ್ಮಿ ಆಗ್ಯದೆ ಅಂದ್ರೆ ಯಾರೋ ಕುಡೀತಾವ್ರೆ ಅಂತ ತಾನೇ ಕಣ್ಲಾ? ರಕ್ತಕಾಟೇರಿ ಕೆಲ್ಸ ಇದು!”

ರಕ್ತಕಾಟೇರಿ ಎಂದರೆ ಮಲಗಿದವರ ರಕ್ತ ಹೀರುವ ಹೆಣ್ಣುದೆವ್ವ. ಅವಳು ಕಬ್ಬಿಣ ದಾಟಲಾರಳಂತೆ. ಲಾಳ ಕಟ್ಟುವವರ ಮನೆಯಲ್ಲಿ ಕಬ್ಬಿಣಕ್ಕೆ ಬರವೇ? ಆ ವಾರ ಊರಿನ ಎತ್ತುಗಳು ಬರಿಗಾಲಲ್ಲಿ ನಡೆದವು!

ಲಾಳವೂ ಸಾಲದೆಂದು ಬಾಗಿಲಾಚೆ ಬೊಗಸೆ ರಾಗಿ ಚೆಲ್ಲತೊಡಗಿದರು. ಕಾಟೇರಿ ಕಾಳು ಕಂಡರೆ ಎಣಿಸದೆ ಮುಂದಕ್ಕೆ ಹೋಗುವುದಿಲ್ಲವಂತೆ. ಎಣಿಸಿ ಮುಗಿಯುವಷ್ಟರಲ್ಲಿ ಬೆಳಕು ಹರಿಯುತ್ತದಂತೆ. ಮರುದಿನ ಬೆಳಿಗ್ಗೆ ನೋಡಿದರೆ ಒಂದು ಕಾಳೂ ಇಲ್ಲ!

“ನೋಡ್ದಾ? ಎಣಿಸಿದ್ದೂ ಅಲ್ದೆ ಎತ್ಕೊಂಡೂ ಓಗವ್ಳೆ!” ಮಾವ ಖಾಲಿ ನೆಲ ತೋರಿಸಿದರು.

ಅತ್ತೆ ಹಿತ್ತಲಿನಿಂದ ಕೂಗಿದರು: “ನಿಮ್ ಕಾಟೇರಿ ಮೊಟ್ಟೆ ಮಡಗವ್ಳೆ, ಬಂದು ನೋಡಿ!”

ಆ ಮೊಟ್ಟೆಯನ್ನು ಮಾವ ಬೇಯಿಸಿ ಅತ್ತೆಗೇ ತಿನ್ನಿಸಿದರು. ಹೋದ ರಕ್ತದಲ್ಲಿ ಅಷ್ಟಾದರೂ ವಾಪಸ್ಸು ಬಂತಲ್ಲ ಎಂಬ ಸಮಾಧಾನ!

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನರ್ಸಮ್ಮ ಸಿರಿಂಜು ಹಿಡಿದು ಬಂದಾಗ ಮಾವ ಮಂಚಕ್ಕೆ ಅಡ್ಡ ನಿಂತರು.

“ಸಿಸ್ಟ್ರೇ, ವಸಿ ಪಾದ ತೋರ್ಸಿ.”

ದೆವ್ವದ ಪಾದ ಹಿಂದುಮುಂದಾಗಿರುತ್ತದಲ್ಲ! ಆಕೆಗೆ ಏನನ್ನಿಸಿತೋ, ಚಪ್ಪಲಿ ಬಿಟ್ಟು ತೋರಿಸಿದರು. ಮಾವ ಎತ್ತಿನ ಗೊರಸು ನೋಡುವಂತೆ ಬಗ್ಗಿ ನೋಡಿ, “ಮುಂದಕ್ಕೇ ಅವೆ, ತಗೊಳಿ” ಎಂದು ದಾರಿ ಬಿಟ್ಟರು.

ಅತ್ತೆಗೆ ರಕ್ತ ಕೊಡಬೇಕು ಎಂದಾಗ ಅಂಗಿಯ ತೋಳು ಮಡಚಿ ಮೊದಲು ಕೈ ಚಾಚಿದವರೂ ಅವರೇ. ಗ್ರೂಪು ಸೇರಲಿಲ್ಲ.

“ಇಪ್ಪತ್ತೆಂಟು ವರ್ಷ ಒಂದೇ ಮಡಕೆ ಮುದ್ದೆ ಉಂಡಿವಿ. ನೆತ್ರ ಬ್ಯಾರೆ ಹೆಂಗಾಯ್ತದೆ?”

ನರ್ಸಮ್ಮ ನನ್ನ ರಕ್ತ ಪರೀಕ್ಷೆಗೆ ತೆಗೆದುಕೊಂಡರು. ನನ್ನದು ಸೇರಿತು. ಮಾವ ಎರಡು ದಿನ ನನ್ನ ತೋಳಿನ ಹತ್ತಿಯನ್ನೇ ಹೊಟ್ಟೆಕಿಚ್ಚಿನಿಂದ ನೋಡಿದರು.

ಅತ್ತೆ ಉಳಿಯಲಿಲ್ಲ.

ಹನ್ನೊಂದನೆಯ ದಿನ ಅವರಿಗೆ ಇಷ್ಟವಾದುದನ್ನೆಲ್ಲ ಒಳಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ನಾವು ಹೊರಗೆ ಕಾಯಬೇಕು. ಸತ್ತವರು ಬಂದು ಉಂಡುಹೋಗುತ್ತಾರೆಂಬ ನಂಬಿಕೆ. ಪಕ್ಕದ ಮನೆಯ ಅಜ್ಜಿ ಮಾವನ ಕಿವಿಯ ಬಳಿ ಬಂದು ಎಚ್ಚರಿಸಿದರು: “ನೆತ್ರ ಇಲ್ದೆ ಸತ್ತೋಳು ಕಾಟೇರಿಯಾಗಿ ಬತ್ತಾಳೆ ಕಣಪ್ಪ. ಇನ್ನೊಂದ್ ಲಾಳ ಬಡ್ದ್‌ಬುಡು.”

ಮಾವ ಎದ್ದು ಹೋದರು. ಸುತ್ತಿಗೆ ತರುತ್ತಾರೆಂದುಕೊಂಡೆ. ತಂದದ್ದು ಇಕ್ಕಳ. ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಲಾಳ ಕಿತ್ತರು. ನಾನು ಎಣಿಸುತ್ತಿದ್ದೆ. ಹನ್ನೊಂದೂ ಬಂದವು. ಬಾಗಿಲಾಚೆಯ ರಾಗಿಯನ್ನೂ ಅಂಗೈಯಲ್ಲೇ ಬದಿಗೆ ಸರಿಸಿದರು.

“ಮಾವ, ಕಾಟೇರಿ ಬಂದ್ಬುಟ್ರೆ?” ಎಂದೆ. ಆ ಗಳಿಗೆ ನನಗೂ ಭಯವಾಗಿತ್ತು, ಸುಳ್ಳು ಹೇಳಲಾರೆ.

ಮಾವ ಬಾಗಿಲ ಪಕ್ಕ ಗೋಡೆಗೊರಗಿ ಕುಳಿತರು. ಅಂಗಿಯ ತೋಳನ್ನು ಮೇಲಕ್ಕೆ ಮಡಚಿದರು, ಆಸ್ಪತ್ರೆಯಲ್ಲಿ ಮಡಚಿದ ಹಾಗೆಯೇ.

“ಬರ್ಲಿ ಬುಡ್ಲಾ. ಈಗ ಗ್ರೂಪು ಕೇಳೋರು ಯಾರವ್ರೆ?”